ಗಲ್ಫಿನ ರಜೆಯ ಲೆಕ್ಕ, ಹೆಣ್ಣಿನ ವಯಸ್ಸಿನ ಲೆಕ್ಕ

ಗುರುವಾರ ಅಸರ್ ನಮಾಝ್ ಮುಗಿದ ಮೇಲೆ ರಾಜೂರಿನ ನಮ್ಮ ಮಸೀದಿಯ ಗೇಟಿನ ಹತ್ತಿರ ನಾಲ್ಕೈದು ಜನ ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ. ಒಬ್ಬರ ಮಗುವಿಗೆ ಜ್ವರ, ಇನ್ನೊಬ್ಬರ ಎಮ್ಮೆ ಹಾಲು ಕೊಡುತ್ತಿಲ್ಲ, ಮತ್ತೊಬ್ಬರ ಮಗ ಎಸೆಸೆಲ್ಸಿಯಲ್ಲಿ ಫೇಲು. ಓದಿ ಊದಿ ಕೊಡುತ್ತೇವೆ. ನಮ್ಮ ಕರಾವಳಿಯಲ್ಲಿ ಉಸ್ತಾದ್ ಎಂದು ಕರೆದರೆ ಇಲ್ಲಿ ಹಜರತ್ ಎನ್ನುತ್ತಾರೆ. ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನ ಈ ಊರಿಗೆ ಮದ್ರಸ ಕಲಿಸಲು ಬಂದು ಎಂಟು ವರ್ಷ ಆಯಿತು. ಗುಡ್ಡದ ಮೇಲೆ ಗಾಳಿಯಂತ್ರ, ಕೆಳಗೆ ಜೋಳದ ಹೊಲ. ಮೀನು ಸಿಗುವುದಿಲ್ಲ ಎಂಬುದೊಂದು ಬಿಟ್ಟರೆ ನಮಗೆ ಇಲ್ಲಿ ಕೊರತೆ ಏನೂ ಇಲ್ಲ.

ಆ ಗುರುವಾರದ ಸಾಲಿನಲ್ಲಿ ಎರಡು ವರ್ಷ ತಪ್ಪದೆ ಒಬ್ಬ ಸಹೋದರಿ ಬರುತ್ತಿದ್ದರು. ಗಜೇಂದ್ರಗಡದಲ್ಲಿ ಮಗ್ಗದ ಕೆಲಸ. ತಂದೆ ಬೇಗ ತೀರಿಕೊಂಡಿದ್ದರಿಂದ ತಾನು ನೇಯ್ದು ಮೂವರು ತಂಗಿಯರ ನಿಕಾಹ್ ಮಾಡಿಸಿ, ಕೊನೆಗೆ ತನ್ನ 34ನೇ ವಯಸ್ಸಿನಲ್ಲಿ ಒಬ್ಬ ಲಾರಿ ಡ್ರೈವರನ್ನು ಮದುವೆಯಾಗಿ ರಾಜೂರಿಗೆ ಬಂದವರು. "ಹಜರತ್, ಲಗ್ನಾಗಿ ಎರಡು ವರ್ಷಾತ್ರಿ, ಒಂದು ಕೂಸಿಗೆ ದುಆ ಮಾಡ್ರಿ" ಎಂದು ಮೊದಲ ಸಲ ಬಂದಾಗ ಅವರಿಗೆ 36. ನಾವು ದುಆ ಮಾಡಿದೆವು, ನೀರು ಊದಿ ಕೊಟ್ಟೆವು, ಸಬರ್ ಮಾಡಿ ತಂಗೀ, ಕೊಡುವವನು ಅಲ್ಲಾಹು ಎಂದೆವು. ಮುಂದಿನ ಗುರುವಾರವೂ ಅದೇ ಮಾತು. ಹೀಗೆ ಎರಡು ವರ್ಷ.

ಕೊನೆಗೆ ಅವರ ಗಂಡ ಗದಗಿನ ಡಾಕ್ಟರ ಹತ್ತಿರ ಹೋಗಲು ನಮ್ಮನ್ನೂ ಜೊತೆಗೆ ಕರೆದರು. ಹೋದೆವು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನಮ್ಮನ್ನು ಆ ಲೇಡಿ ಡಾಕ್ಟರ್ ಒಳಗೆ ಕರೆದು, "ನೀವು ಅವರ ಗುರುಗಳಂತೆ. ಇವರನ್ನ ಎರಡು ವರ್ಷ ಮೊದಲ ಕಳಿಸಬೇಕಿತ್ತು" ಎಂದರು. ಬೈಯಲಿಲ್ಲ. ಆದರೂ ಅಷ್ಟು ಹೇಳಿದ್ದು ನಮಗೆ ಸಾಕಾಯಿತು. ನಮಗೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗಬಹುದು, ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಸಬರ್ ಮಾಡಿ ಎಂದು ಹೇಳುವ ಮೊದಲು ಗೊತ್ತಿದ್ದವರ ಹತ್ತಿರ ಕಳಿಸಬೇಕಿತ್ತು. ಇದನ್ನು ಬರೆಯುತ್ತಿರುವುದು ಆ ಕಾರಣಕ್ಕೆ.

ಅವತ್ತು ಡಾಕ್ಟರು ವಿವರಿಸಿದ್ದನ್ನು, ಆಮೇಲೆ ನಾವು ಕೇಳಿ ಓದಿ ತಿಳಿದುಕೊಂಡದ್ದನ್ನು ಸೇರಿಸಿ ಹೇಳುತ್ತೇವೆ. ಗಂಡಸಿನ ದೇಹದಲ್ಲಿ ವೀರ್ಯಾಣು ದಿನವೂ ಹೊಸದಾಗಿ ಹುಟ್ಟುತ್ತದೆ. ಹೆಣ್ಣಿನ ಅಂಡಾಣು ಹಾಗಲ್ಲ. ಹೆಣ್ಣುಮಗು ಉಮ್ಮನ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗಲೇ ಅದರ ಅಂಡಾಶಯದಲ್ಲಿ 60-70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ. ಮುಟ್ಟು ಶುರುವಾಗುವ ಹೊತ್ತಿಗೆ 3-4 ಲಕ್ಷ ಉಳಿದಿರುತ್ತದೆ. ಅದರಲ್ಲಿ ಇಡೀ ಆಯುಸ್ಸಿನಲ್ಲಿ ಬಿಡುಗಡೆ ಆಗುವುದು ನಾನೂರು ಐನೂರು ಮಾತ್ರ, ಉಳಿದದ್ದು ತಾನಾಗಿ ಕರಗುತ್ತದೆ. ಹೊಸದು ಒಂದೂ ಸೇರುವುದಿಲ್ಲ. ಈ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು, ಅಂದರೆ ನೆಲದೊಳಗೆ ತೋಡಿದ ಕಣಜ. ಆ ಡಾಕ್ಟರು ಅದನ್ನೇ ಉದಾಹರಣೆ ಕೊಟ್ಟರು. ಹಗೇವು ತುಂಬುವುದು ಒಂದೇ ಸಲ, ತೆಗೆದಂತೆ ಕಡಿಮೆಯಾಗುತ್ತದೆ. ತಳದ ಕಾಳು ಹಳೆಯದಾಗಿ ಮುಗ್ಗಲೂ ಹಿಡಿಯುತ್ತದೆ. ಅಂಡಾಣುವಿಗೂ ಹಾಗೆ, ವಯಸ್ಸಾದಂತೆ ಸಂಖ್ಯೆಯೂ ಇಳಿಯುತ್ತದೆ, ಗುಣವೂ ಇಳಿಯುತ್ತದೆ.

ಎಷ್ಟು ವಯಸ್ಸಿಗೆ? ಇಪ್ಪತ್ತರ ಹರೆಯದಲ್ಲಿ ಆರೋಗ್ಯವಂತ ದಂಪತಿ ಒಟ್ಟಿಗೆ ಇದ್ದರೆ ಒಂದೊಂದು ತಿಂಗಳೂ ಬಸಿರು ನಿಲ್ಲುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. 32ರ ಸುಮಾರಿಗೆ ಇಳಿಕೆ ಕಾಣಿಸುತ್ತದೆ. 37ರ ನಂತರ ಆ ಇಳಿಕೆ ಜೋರು. 40ಕ್ಕೆ ಬಂದಾಗ ತಿಂಗಳಿಗೆ ಹತ್ತರಲ್ಲಿ ಒಂದು, ಅಥವಾ ಅದಕ್ಕೂ ಕಡಿಮೆ. ನಿಂತ ಬಸಿರು ಇಳಿದು ಹೋಗುವುದೂ ವಯಸ್ಸಿನೊಂದಿಗೆ ಹೆಚ್ಚು. 40 ದಾಟಿದವರಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಬಸಿರು ಉಳಿಯುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ಉಮ್ಮನಿಗೆ 35 ಆದಾಗ ಸುಮಾರು 350ರಲ್ಲಿ ಒಂದು, 40ಕ್ಕೆ ನೂರರಲ್ಲಿ ಒಂದು. ಇದು ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. 41ಕ್ಕೆ ಹೆತ್ತು ಆರಾಮವಾಗಿರುವ ಉಮ್ಮಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ಐದನೆಯದೋ ಆರನೆಯದೋ ಮಗು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಆದ್ದರಿಂದ ಡಾಕ್ಟರುಗಳ ನಿಯಮವೂ ವಯಸ್ಸಿನ ಪ್ರಕಾರ. ಹೆಂಡತಿಗೆ 35 ಆಗಿಲ್ಲದಿದ್ದರೆ ಒಟ್ಟಿಗೆ ಒಂದು ವರ್ಷ ಇದ್ದೂ ಬಸಿರಾಗದಿದ್ದರೆ ತೋರಿಸಬೇಕು. 35 ದಾಟಿದ್ದರೆ ಆರು ತಿಂಗಳಿಗೇ ತೋರಿಸಬೇಕು. 40 ಆಗಿದ್ದರೆ ಕಾಯುವುದೇ ಬೇಡ. ಮುಟ್ಟು ಸರಿಯಾಗಿ ಆಗದವರು, ಪಿಸಿಓಡಿ ಎಂದು ಮೊದಲೇ ಹೇಳಿಸಿಕೊಂಡವರು, ಹೊಟ್ಟೆಯ ಆಪರೇಷನ್ ಆದವರು ಯಾವ ವಯಸ್ಸಿನಲ್ಲಿದ್ದರೂ ಬೇಗ ಹೋಗಬೇಕು. 36ರ ಒಬ್ಬ ಹೆಣ್ಣುಮಗಳನ್ನು ನಾವು 38ರ ತನಕ ಬಾಟಲಿ ಹಿಡಿದು ನಿಲ್ಲಿಸಿದೆವು ಎಂದರೆ ಏನು ಮಾಡಿದೆವು ಎಂದು ಓದುಗರಿಗೆ ಈಗ ಅರ್ಥ ಆಗಿರಬಹುದು.

ಇಲ್ಲಿಗೆ ರಾಜೂರಿನ ಕಥೆ ಸ್ವಲ್ಪ ಬದಿಗಿರಲಿ, ಊರಿನ ವಿಷಯಕ್ಕೆ ಬರೋಣ. ಕಳೆದ ರಮಳಾನ್ ರಜೆಗೆ ಊರಿಗೆ ಹೋಗಿದ್ದಾಗ ನಮ್ಮ ಸಂಬಂಧದ ಒಂದು ಮನೆಯಲ್ಲಿ ಇಫ್ತಾರಿಗೆ ಕೂತಿದ್ದೆವು. ಆ ಮನೆಯ ಸೊಸೆಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಗಂಡ ದಮ್ಮಾಮಿನಲ್ಲಿ. ಅತ್ತೆ ಎಲ್ಲರ ಮುಂದೆಯೇ, "ಒಂಬತ್ತು ವರ್ಷ ನೋಡಿ ಆಯಿತು ಉಸ್ತಾದರೇ, ಇನ್ನೆಷ್ಟು ನೋಡುವುದು" ಎಂದರು. ಪತ್ತಿರಿ ಬಡಿಸುತ್ತಿದ್ದ ಆ ಹುಡುಗಿ ಬಟ್ಟಲು ಅಲ್ಲೇ ಇಟ್ಟು ಒಳಗೆ ಹೋದಳು.

ನಾವು ಅಲ್ಲೇ ಕೂತು ಲೆಕ್ಕ ಕೇಳಿದೆವು. ಮದುವೆ ಆದಾಗ ಅವಳಿಗೆ 24. ಮದುವೆಗೆ ಬಂದ ಗಂಡ ಎರಡು ತಿಂಗಳಿದ್ದು ಹೋದ. ಆಮೇಲೆ ಎರಡು ವರ್ಷಕ್ಕೊಮ್ಮೆ ಎರಡೆರಡು ತಿಂಗಳ ರಜೆ, ಹಾಗೆ ನಾಲ್ಕು ಸಲ. ಎಲ್ಲ ಸೇರಿಸಿದರೆ ಹತ್ತು ತಿಂಗಳು. ಒಂಬತ್ತು ವರ್ಷದ ದಾಂಪತ್ಯದಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇದ್ದದ್ದು ಹತ್ತು ತಿಂಗಳು! ಡಾಕ್ಟರ ನಿಯಮದ ಪ್ರಕಾರ ತೊಂದರೆ ಇದೆ ಎಂದು ಅನುಮಾನ ಪಡಲು ಬೇಕಾದ ಒಂದು ವರ್ಷ ಕೂಡ ಇನ್ನೂ ತುಂಬಿಲ್ಲ. ಅದರಲ್ಲೂ ಒಂದು ತಿಂಗಳಲ್ಲಿ ಬಸಿರು ನಿಲ್ಲಬಹುದಾದ ದಿನಗಳು ಸುಮಾರು ಆರು ಮಾತ್ರ, ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಎರಡು ತಿಂಗಳ ರಜೆಯಲ್ಲಿ ನಂಟರ ಮನೆ ಊಟ, ಗೆಳೆಯರ ಮದುವೆ, ಬ್ಯಾಂಕು, ಜಾಗದ ತಕರಾರು, ಉಮ್ಮನ ಆಸ್ಪತ್ರೆ ಎಂದು ಓಡಾಡುವಾಗ ಆ ದಿನಗಳು ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ದೇಹ ಎಣಿಸುವುದು ಆ ಹತ್ತು ತಿಂಗಳನ್ನಲ್ಲ. ಗಂಡ ದಮ್ಮಾಮಿನಲ್ಲಿದ್ದರೂ, ಮನೆಯಲ್ಲಿದ್ದರೂ ಅವಳಿಗೆ 24 ಇದ್ದದ್ದು 33 ಆಯಿತು. ಇನ್ನು ಎರಡು ರಜೆ ಹೀಗೇ ಕಳೆದರೆ 37. ನಮ್ಮ ಬ್ಯಾರಿ ಮನೆಗಳಲ್ಲಿ ಮಕ್ಕಳಾಗಿಲ್ಲ ಎಂದು ಮಾತು ಕೇಳಿಸಿಕೊಳ್ಳುವ ಹೆಣ್ಣುಮಕ್ಕಳಲ್ಲಿ ಹೀಗೆ ಲೆಕ್ಕವೇ ತಪ್ಪಾದವರು ಎಷ್ಟು ಮಂದಿ ಇದ್ದಾರೋ. ಬಂಜೆ ಎಂಬ ಆ ಕೆಟ್ಟ ಶಬ್ದವನ್ನು ಹೊತ್ತವರಲ್ಲಿ ಎಷ್ಟು ಜನರ ಗರ್ಭಕೋಶಕ್ಕೂ ಅಂಡಾಶಯಕ್ಕೂ ಏನೂ ಆಗಿಲ್ಲವೋ.

ಉಮರ್ ಫಾರೂಕ್ (ರ.ಅ.) ಅವರ ಕಾಲದ ಒಂದು ಪ್ರಸಂಗ ವಅಝ್‌ಗಳಲ್ಲಿ ನಾವೆಲ್ಲ ಕೇಳಿದ್ದೇವೆ. ರಾತ್ರಿ ಮದೀನದ ಬೀದಿಯಲ್ಲಿ ನಡೆಯುವಾಗ ಒಂದು ಮನೆಯೊಳಗಿಂದ, ಯುದ್ಧಕ್ಕೆ ಹೋದ ಗಂಡನನ್ನು ನೆನೆದು ಹೆಣ್ಣೊಬ್ಬಳು ಹಾಡಿಕೊಳ್ಳುವುದು ಅವರ ಕಿವಿಗೆ ಬಿತ್ತು. ಅವರು ಮಗಳು ಹಫ್ಸಾ ಬೀವಿಯ (ರ.ಅ.) ಹತ್ತಿರ ಹೋಗಿ, ಗಂಡನಿಲ್ಲದೆ ಹೆಣ್ಣು ಎಷ್ಟು ಕಾಲ ತಡೆದಾಳು ಎಂದು ಕೇಳಿದರು. ನಾಲ್ಕು ತಿಂಗಳು ಎಂದು ಒಂದು ವರದಿಯಲ್ಲಿದೆ, ಆರು ತಿಂಗಳು ಎಂದು ಇನ್ನೊಂದರಲ್ಲಿ. ಅದಕ್ಕಿಂತ ಹೆಚ್ಚು ಕಾಲ ಸೈನಿಕರನ್ನು ಹೊರಗೆ ಇಡಬಾರದು ಎಂದು ಖಲೀಫರು ಆದೇಶ ಕೊಟ್ಟರು. ನಾವು ಈ ಪ್ರಸಂಗ ಹೇಳಿ ಉಮರರ ನ್ಯಾಯವನ್ನು ಹೊಗಳುತ್ತೇವೆ, ಮೈಕ್ ಆರಿಸುತ್ತೇವೆ, ಸಭೆಯಲ್ಲಿದ್ದವರು ಎರಡು ವರ್ಷದ ವೀಸಾ ಹಿಡಿದು ವಿಮಾನ ಹತ್ತುತ್ತಾರೆ. ಹೊಟ್ಟೆಪಾಡು ನಮಗೂ ಗೊತ್ತು. ನಾವೂ ಊರು ಬಿಟ್ಟು ಬಂದವರೇ. ಗಲ್ಫ್ ಬೇಡ ಎಂದು ಹೇಳುವ ಹಕ್ಕು ನಮಗಿಲ್ಲ, ಕರಾವಳಿಯ ಎಷ್ಟೋ ಮಸೀದಿಗಳ ಗೋಡೆ ನಿಂತಿರುವುದು ಆ ದುಡ್ಡಿನಿಂದಲೇ. ಆದರೆ ಮದುವೆಯಾದ ಮೊದಲ ಎರಡು ಮೂರು ವರ್ಷಗಳಲ್ಲಿ ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಳ್ಳಲು ಆಗುವವರು ಕರೆಸಿಕೊಳ್ಳಲಿ. ಆಗದವರು ಎರಡು ವರ್ಷಕ್ಕೆ ಒಂದು ದೊಡ್ಡ ರಜೆಯ ಬದಲು ಕಂಪೆನಿಯವರನ್ನು ಕೇಳಿ ಮಧ್ಯೆ ಒಮ್ಮೆ ಬರಲಿ. ಟಿಕೆಟಿನ ಖರ್ಚು ಜಾಸ್ತಿ ಆಗುತ್ತದೆ ನಿಜ. ಮನೆಗೆ ಇಟಾಲಿಯನ್ ಮಾರ್ಬಲ್ ಹಾಕಿಸುವಾಗ ನಾವು ಅಷ್ಟು ಲೆಕ್ಕ ನೋಡುವುದಿಲ್ಲ.

ಆ ಮನೆಯಲ್ಲಿ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಿದೆವು. ಗಂಡನ ಪರೀಕ್ಷೆ ಆಗಿದೆಯಾ? ಆಗಿಲ್ಲ. ಸೊಸೆಯನ್ನು ಮಂಗಳೂರಿನಲ್ಲಿ ಮೂರು ಡಾಕ್ಟರಿಗೆ ತೋರಿಸಿದ್ದಾರೆ, ಸ್ಕ್ಯಾನ್ ಎಷ್ಟಾಗಿದೆ ಎಂದು ಲೆಕ್ಕವಿಲ್ಲ, ಒಬ್ಬ ತಂಙಳರ ಹತ್ತಿರ ನೂಲು ಕಟ್ಟಿಸಿದ್ದಾರೆ. ಗಂಡ ಒಂದು ಸಲವೂ ವೀರ್ಯ ಪರೀಕ್ಷೆ ಮಾಡಿಸಿಲ್ಲ. "ಅವನಿಗೆ ಏನು ಆಗಿದೆ ಉಸ್ತಾದರೇ, ಗಟ್ಟಿಮುಟ್ಟಾಗಿದ್ದಾನೆ" ಎಂದರು ಅವನ ಉಮ್ಮ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಕೆಲವು ಕಡೆ ಕಾರಣ ಅವನೊಬ್ಬನದೇ, ಕೆಲವು ಕಡೆ ಇಬ್ಬರದೂ. ಗಂಡಸಿನ ಪರೀಕ್ಷೆ ಹೆಣ್ಣಿನ ಪರೀಕ್ಷೆಗಳಿಗಿಂತ ಸುಲಭ, ಖರ್ಚೂ ಕಡಿಮೆ, ಸೂಜಿಯ ನೋವೂ ಇಲ್ಲ. ಮೊದಲು ಮಾಡಿಸಬೇಕಾದದ್ದು ಅದು. ಗಂಡಸಿಗೂ ವಯಸ್ಸಿದೆ, 40ರ ನಂತರ ಅವನ ವೀರ್ಯದ ಗುಣವೂ ನಿಧಾನವಾಗಿ ಇಳಿಯುತ್ತದೆ. ಹೊಗೆಸೊಪ್ಪು ಅದನ್ನು ಇನ್ನಷ್ಟು ಕೆಡಿಸುತ್ತದೆ. ಗಂಡಸಿನ ಮರ್ಯಾದೆ ಹೋಗುತ್ತದೆ ಎಂದು ಪರೀಕ್ಷೆ ಮಾಡಿಸದೆ ಎರಡನೇ ಮದುವೆಗೆ ಓಡಿದವರನ್ನೂ ನಾವು ನೋಡಿದ್ದೇವೆ. ಎರಡನೇ ಹೆಂಡತಿಗೂ ಮಕ್ಕಳಾಗಲಿಲ್ಲ. ಇಬ್ಬರು ಹೆಂಗಸರ ಆಯುಸ್ಸು ಹಾಳು.

ಈ ವಿಷಯ ಎತ್ತಿದಾಗೆಲ್ಲ ಒಂದು ಉತ್ತರ ಬರುತ್ತದೆ. ಝಕರಿಯಾ ನಬಿಯವರಿಗೆ (ಅ.ಸ.) ಮುದಿತನದಲ್ಲಿ ಮಗ ಆಗಲಿಲ್ಲವೇ? ಇಬ್ರಾಹೀಮ್ ನಬಿಯವರ (ಅ.ಸ.) ಪತ್ನಿ ಸಾರಾ ಬೀವಿಗೆ ಆಗಲಿಲ್ಲವೇ? ಆಯಿತು, ನಮಗೆ ಅದರಲ್ಲಿ ಪೂರ್ಣ ಈಮಾನ್ ಇದೆ. ಆದರೆ ಕುರ್‌ಆನ್ ಆ ಪ್ರಸಂಗಗಳನ್ನು ಹೇಳುವ ಬಗೆಯನ್ನು ಗಮನಿಸಬೇಕು. ಸುವಾರ್ತೆ ಕೇಳಿ ಸ್ವತಃ ನಬಿಯೇ ಅಚ್ಚರಿಪಟ್ಟರು, ನಾನು ಮುದುಕ, ಹೆಂಡತಿ ಹೆರದವಳು, ಇದು ಹೇಗೆ ಎಂದು ಕೇಳಿದರು. ಸಾರಾ ಬೀವಿಯೂ ನಂಬಲಾಗದೆ ನಿಂತರು. ವಯಸ್ಸಾದ ಮೇಲೆ ಹೆರುವುದು ಸಾಮಾನ್ಯ ಸಂಗತಿ ಆಗಿದ್ದರೆ ಅಲ್ಲಿ ಅಚ್ಚರಿಗೆ ಏನು ಕೆಲಸ? ಸೃಷ್ಟಿಯಲ್ಲಿ ವಯಸ್ಸಿಗೆ ಒಂದು ನಿಯಮ ಇಟ್ಟವನೂ ಅಲ್ಲಾಹನೇ, ಇಬ್ಬರು ನಬಿಗಳಿಗೆ ಅದನ್ನು ಮೀರಿಸಿ ಕೊಟ್ಟವನೂ ಅವನೇ. ನಾವು ಬದುಕಬೇಕಾದದ್ದು ನಿಯಮದೊಳಗೆ. ಖದೀಜಾ ಬೀವಿಯವರು (ರ.ಅ.) 40ರಲ್ಲಿ ಮದುವೆಯಾಗಿ ಅಷ್ಟು ಮಕ್ಕಳನ್ನು ಹೆತ್ತರಲ್ಲ ಎಂದೂ ಕೇಳುತ್ತಾರೆ. 40 ಎಂಬುದು ಪ್ರಸಿದ್ಧ ವರದಿ ಹೌದು. ಮದುವೆಯ ವೇಳೆ ಅವರಿಗೆ 28 ಆಗಿತ್ತು ಎಂಬ ವರದಿಯೂ ಚರಿತ್ರೆಯಲ್ಲಿದೆ. ಮದ್ರಸದಲ್ಲಿ ನಾವು ಒಂದನ್ನೇ ಕಲಿಸಿ ಬಿಟ್ಟಿದ್ದೇವೆ.

ಈಗ ನಮಗೊಂದು ಭಯವೂ ಇದೆ. ಇಷ್ಟು ಬರೆದದ್ದನ್ನು ಕತ್ತರಿಸಿ ವಾಟ್ಸಪ್ಪಿನಲ್ಲಿ ಹಾಕಿ, ನೋಡಿ, ಉಸ್ತಾದರೇ ಹೇಳಿದ್ದಾರೆ, ಹುಡುಗಿಯರನ್ನು ಬೇಗ ಕಟ್ಟಿಬಿಡಿ ಎಂದು ಯಾರಾದರೂ ಹೇಳಬಹುದು. ಅಂಥವರು ರಾಜೂರಿಗೆ ಬಂದು ನೋಡಲಿ. ಇಲ್ಲಿನ ಸಮಸ್ಯೆ ನಮ್ಮ ಊರಿನದ್ದಕ್ಕೆ ಉಲ್ಟಾ. ನಮ್ಮ ಮದ್ರಸದಲ್ಲಿ ಕಲಿತ ಒಬ್ಬಳು ಹುಡುಗಿ, 17 ತುಂಬಿರಲಿಲ್ಲ. ನಿಕಾಹ್ ಓದಲು ಕರೆದರು. ಆಧಾರ್ ಕಾರ್ಡ್ ತೋರಿಸಿ ಎಂದೆವು. ತೋರಿಸಲಿಲ್ಲ, ನಾವು ಹೋಗಲಿಲ್ಲ. ಬೇರೆ ಊರಿನಲ್ಲಿ ಯಾರಿಂದಲೋ ಓದಿಸಿದರು. ಮೊದಲ ಮಗು ತೂಕ ಕಡಿಮೆ ಎಂದು ಹುಟ್ಟಿದ ದಿನವೇ ಗದಗಿಗೆ ಆಂಬ್ಯುಲೆನ್ಸಿನಲ್ಲಿ ಹೋಯಿತು, ತಾಯಿಯ ಮೈಯಲ್ಲಿ ರಕ್ತ ಇಲ್ಲ. ಈಗ ಅವಳಿಗೆ 22, ಮೂರು ಮಕ್ಕಳು, ಆಪರೇಷನ್ನೂ ಆಗಿದೆ. ನಾಳೆ ಅವಳ ಬದುಕಿನಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಮತ್ತೆ ಮಗು ಬೇಕೆಂದರೂ ದಾರಿ ಕಷ್ಟ. ಇಪ್ಪತ್ತು ತುಂಬದ ಹುಡುಗಿಯರು ಹೆರುವಾಗ ಬಿಪಿ ಏರಿ ಫಿಟ್ಸ್ ಬರುವುದು, ನಂಜು ಆಗುವುದು, ಮಗು ದಿನ ತುಂಬದೆ ಹುಟ್ಟುವುದು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ 20-24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಬರೀ ನಮ್ಮವರಲ್ಲ, ಎಲ್ಲ ಜಾತಿಯವರೂ ಅದರಲ್ಲಿದ್ದಾರೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಈ ರಾಜ್ಯದಲ್ಲಿ ಮದುವೆಯೇ ಅಲ್ಲ.

ಹಾಗಾದರೆ ಯಾವಾಗ? ಓದನ್ನು ಬಿಡಿಸಬೇಕಾದ ಅಗತ್ಯವೇ ಇಲ್ಲ ಎಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಪಿಯುಸಿ ಮುಗಿಯುವಾಗ ಹುಡುಗಿಗೆ 18. ಡಿಗ್ರಿಗೆ 21. ಬಿ.ಎಡ್ ಮಾಡಿದರೆ 23. ಎಂಬಿಬಿಎಸ್ ಆದರೂ 24. ಆಮೇಲೆ ಒಂದು ವರ್ಷ ಕೆಲಸ ಮಾಡಿ 25ಕ್ಕೆ ಮದುವೆಯಾದರೆ, 32ರ ಒಳಗೆ ಏಳು ವರ್ಷ ಕೈಯಲ್ಲಿದೆ. ಎರಡು ಮಕ್ಕಳಿಗೆ, ಮಧ್ಯೆ ಮೂರು ವರ್ಷ ಅಂತರ ಇಟ್ಟರೂ, ಧಾರಾಳ ಸಾಕು. ಹೆಣ್ಣುಮಕ್ಕಳು ಓದಿ ಓದಿ ಮಕ್ಕಳಾಗದೆ ಉಳಿದರು ಎಂದು ಕೆಲವರು ಜಮಾಅತ್ ಸಭೆಯಲ್ಲಿ ಎದ್ದು ನಿಂತು ಹೇಳುವುದನ್ನು ಕೇಳಿದ್ದೇವೆ. ನಾವು ನೋಡಿದ ಮನೆಗಳಲ್ಲಿ ವರ್ಷಗಳು ಹೋದದ್ದು ಮದುವೆಯ ನಂತರ. ಮೊದಲು ಮನೆ ಕಟ್ಟಿ ಆಗಲಿ. ನಾದಿನಿಯ ಮದುವೆ ಮುಗಿಯಲಿ. ಹೊಸ ವೀಸಾ ಬರಲಿ. ಸಾಲ ತೀರಲಿ. ಈ ತೀರ್ಮಾನಗಳನ್ನೆಲ್ಲ ಮಾಡುವವರು ಬೇರೆ, ಕೊನೆಗೆ ಮಾತು ಕೇಳುವವಳು ಬೇರೆ. ಮೊದಲ ಮಗು 28ಕ್ಕೆ ಸುಲಭವಾಗಿ ಆಯಿತೆಂದು ಎರಡನೆಯದನ್ನು ಮುಂದೂಡಿ, 37ಕ್ಕೆ ಬೇಕೆಂದಾಗ ಆಗದೆ ಕಣ್ಣೀರಿಡುವವರೂ ಇದ್ದಾರೆ. ಒಮ್ಮೆ ಹೆತ್ತವಳಿಗೆ ಮತ್ತೆ ಯಾವಾಗ ಬೇಕಾದರೂ ಆಗುತ್ತದೆ ಎಂಬುದು ಸುಳ್ಳು.

ಮುಂದೂಡುವುದೇ ಹರಾಮ್ ಎಂದು ನಾವು ಹೇಳುತ್ತಿಲ್ಲ. ಸಹಾಬಿಗಳ ಕಾಲದಲ್ಲಿ ಅಝ್ಲ್ ಇತ್ತು, ಅವರನ್ನು ತಡೆಯಲಿಲ್ಲ ಎಂಬುದು ಸಹೀಹ್ ಹದೀಸ್‌ಗಳಲ್ಲೇ ಇದೆ. ಮಗುವಿಗೆ ಪೂರ್ತಿ ಎರಡು ವರ್ಷ ಹಾಲೂಡುವುದನ್ನು ಕುರ್‌ಆನ್ ಹೇಳಿದೆ. ನಮ್ಮ ರಾಜ್ಯಕ್ಕೂ ಇದು ಹೊಸ ಮಾತಲ್ಲ, ಮೈಸೂರು ಸಂಸ್ಥಾನದ ಸರಕಾರ 1930ರಲ್ಲೇ ಸರಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಮಕ್ಕಳಾಗುವ ಮೊದಲೇ ಮಾತ್ರೆ ತಿಂದರೆ ಶಾಶ್ವತವಾಗಿ ಬಂಜೆತನ ಬರುತ್ತದೆ ಎಂದು ನಮ್ಮ ಅಜ್ಜಿಯಂದಿರು ಹೆದರಿಸುವುದುಂಟು. ಹಾಗೇನೂ ಇಲ್ಲ, ಮಾತ್ರೆ ನಿಲ್ಲಿಸಿದ ಸ್ವಲ್ಪ ತಿಂಗಳಲ್ಲಿ ದೇಹ ಮೊದಲಿನ ಹಾಗೆ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನಲ್ಲಿ ಮಾತ್ರ ಮತ್ತೆ ಬಸಿರಾಗಲು ಕೆಲವು ತಿಂಗಳು ತಡವಾಗಬಹುದು. ಗಂಡನ ರಜೆಯ ಲೆಕ್ಕದಲ್ಲಿ ಬದುಕುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಮಾತ್ರೆಯಿಂದ ವಯಸ್ಸು ನಿಲ್ಲುವುದಿಲ್ಲ ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. 26ಕ್ಕೆ ಮಾತ್ರೆ ಶುರು ಮಾಡಿ 36ಕ್ಕೆ ಬಿಟ್ಟರೆ ಅವಳ ಅಂಡಾಣುವಿಗೂ 36.

ದುಡ್ಡಿದ್ದವರು ಹೇಳುವ ಮಾತು ಇನ್ನೊಂದು: ಈಗ ಐವಿಎಫ್ ಇದೆಯಲ್ಲ ಉಸ್ತಾದರೇ. ಇದೆ. 1978ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿತು, ಅದೇ ವರ್ಷ ಅಕ್ಟೋಬರಿನಲ್ಲಿ ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಕೈಯಲ್ಲಿ ಒಂದು ಹುಟ್ಟಿತು. ಇವತ್ತು ಮಂಗಳೂರು, ಹುಬ್ಬಳ್ಳಿಯಲ್ಲೂ ಆಗುತ್ತದೆ. ಆದರೆ ಐವಿಎಫ್ ಹಳೆಯ ಅಂಡಾಣುವನ್ನು ಹೊಸದು ಮಾಡುವುದಿಲ್ಲ. 30ರವಳಿಗೆ ಅದು ಫಲಿಸುವಷ್ಟು 42ರವಳಿಗೆ ಫಲಿಸುವುದಿಲ್ಲ. ನಮ್ಮವರು ಗಮನಿಸಬೇಕಾದ ದೊಡ್ಡ ವಿಷಯ ಇಲ್ಲಿದೆ. ವಯಸ್ಸು ದಾಟಿದವರಿಗೆ ಆಸ್ಪತ್ರೆಯವರು ಬೇರೆ ಹೆಣ್ಣಿನ ಅಂಡಾಣು ತೆಗೆದುಕೊಳ್ಳಿ ಎನ್ನುತ್ತಾರೆ. ಗರ್ಭಕೋಶಕ್ಕೆ ಅಂಡಾಣುವಿನಷ್ಟು ಬೇಗ ವಯಸ್ಸಾಗುವುದಿಲ್ಲ, ಹಾಗಾಗಿ ಅದು ಫಲಿಸುತ್ತದೆ. ದೇಶದ 2021ರ ಕಾಯ್ದೆಯೂ ಹೆಂಗಸಿಗೆ 50, ಗಂಡಸಿಗೆ 55ರ ತನಕ ಈ ಚಿಕಿತ್ಸೆಗೆ ಅವಕಾಶ ಕೊಟ್ಟಿದೆ. ನಮಗೆ ಆ ಬಾಗಿಲು ಇಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ, ಗಂಡ ಹೆಂಡತಿಯ ವೀರ್ಯ ಮತ್ತು ಅಂಡಾಣುವನ್ನು ಸೇರಿಸಿ ಅದೇ ಹೆಂಡತಿಯ ಗರ್ಭದಲ್ಲಿ ಇಡುವುದಕ್ಕೆ ಅಗತ್ಯವಿದ್ದಾಗ ಅನುಮತಿ ಕೊಟ್ಟಿತು, ಮೂರನೆಯವರು ಸೇರುವ ಎಲ್ಲ ಬಗೆಯನ್ನೂ ನಿಷೇಧಿಸಿತು. ಅಂದರೆ ಬೇರೆಯವರಿಗೆ 45ರಲ್ಲೂ ಉಳಿದಿರುವ ಒಂದು ದಾರಿ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲ. ಅವಳ ಕೈಯಲ್ಲಿರುವುದು ಅವಳದೇ ಅಂಡಾಣು, ಅದರ ಕಾಲದಲ್ಲಿ. ದೀನಿನ ಈ ಕಟ್ಟುಪಾಡು ಇಟ್ಟುಕೊಂಡ ನಾವು ವಯಸ್ಸಿನ ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚು ಎಚ್ಚರ ಇರಬೇಕಿತ್ತು. ಆಗಿರುವುದು ಉಲ್ಟಾ. ಚಿಕಿತ್ಸೆಯ ಮಾತು ಎತ್ತುವುದೇ ನಾಚಿಕೆ ಎಂದು ಸುಮ್ಮನಿದ್ದು, ಡಾಕ್ಟರ ಬಾಗಿಲಿಗೆ ಹೋಗುವಾಗ 40.

ನಮ್ಮ ಮಗ್ಗದ ಸಹೋದರಿಗೆ ಆದದ್ದು ಅದೇ. ಗಂಡನ ಪರೀಕ್ಷೆ ಸರಿಯಾಗಿತ್ತು. ಅವರ ಅಂಡಾಣುವಿನ ಸಂಖ್ಯೆ ತುಂಬ ಕಡಿಮೆ ಇತ್ತು. 39ರಲ್ಲಿ ಒಂದು ಸಲ ಬಸಿರು ನಿಂತಿತು, ಊರಲ್ಲೆಲ್ಲ ಸಕ್ಕರೆ ಹಂಚಬೇಕು ಎಂದು ಗಂಡ ಹೊರಟಿದ್ದರು, ಎರಡು ತಿಂಗಳಿಗೆ ಇಳಿದು ಹೋಯಿತು. ಐವಿಎಫ್‌ನ ಖರ್ಚು ಲಾರಿ ಓಡಿಸುವವರಿಗೆ ಎಟುಕುವಂಥದ್ದಲ್ಲ, ಸಾಲ ಮಾಡಿ ಮಾಡಿಸಿದರೂ ಆಗುತ್ತದೆ ಎಂಬ ಭರವಸೆ ಕಡಿಮೆ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟರು. ಈಗ ಅವರಿಗೆ 41. ನಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ. ಇದ್ದಿದ್ದರೆ ನಮಗೆ ಹಗುರ ಆಗುತ್ತಿತ್ತೋ ಏನೋ.

ಈಗ ಗುರುವಾರ ಯಾರಾದರೂ ಈ ವಿಷಯಕ್ಕೆ ಬಾಟಲಿ ತಂದರೆ ನಾವು ಓದುವುದನ್ನು ಬಿಟ್ಟಿಲ್ಲ. ಓದುವ ಮೊದಲು ಮಾತ್ರ ಮೂರು ಮಾತು ಕೇಳುತ್ತೇವೆ. ವಯಸ್ಸೆಷ್ಟು? ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಎಷ್ಟು ತಿಂಗಳು? ಇಬ್ಬರ ಪರೀಕ್ಷೆಯೂ ಆಗಿದೆಯಾ? ಮೊದಲು ನಾಚಿಕೆ ಆಗುತ್ತಿತ್ತು, ಈಗ ಅಭ್ಯಾಸವಾಗಿದೆ. ಆಶಾ ಕಾರ್ಯಕರ್ತೆ ಪಕ್ಕದ ಓಣಿಯವರೇ, ಅವರ ಹತ್ತಿರ ಕಳಿಸುತ್ತೇವೆ. ಮಗು ಬೇಕೆಂದು ತೀರ್ಮಾನಿಸಿದ ದಿನದಿಂದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಬೇಕು, ಬಸಿರಾದ ಮೇಲೆ ಅಲ್ಲ ಎಂದು ಹೇಳಿಕೊಟ್ಟದ್ದು ಅವರೇ. ದಮ್ಮಾಮಿನ ಆ ಹುಡುಗ ಕೂಡ ಕೊನೆಗೆ ಒಪ್ಪಿ ಅಲ್ಲೇ ಪರೀಕ್ಷೆ ಮಾಡಿಸಿದ್ದಾನೆ. ವರದಿಯಲ್ಲಿ ಸ್ವಲ್ಪ ದೋಷ ಇದೆ, ಔಷಧಿ ಶುರುವಾಗಿದೆ, ಹೆಂಡತಿಯನ್ನು ಕರೆಸಿಕೊಳ್ಳಲು ವೀಸಾಕ್ಕೆ ಹಾಕಿದ್ದಾನೆ. ಅವನ ಉಮ್ಮ ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ.

ಕರಾವಳಿಯ ಕೆಲವು ಮಹಲ್ಲ್‌ಗಳಲ್ಲಿ ಮದುವೆಗೆ ಮುಂಚೆ ಹುಡುಗ ಹುಡುಗಿಯರಿಗೆ ತರಗತಿ ನಡೆಸುತ್ತಾರೆ. ಒಳ್ಳೆಯ ಕೆಲಸ. ಅದರಲ್ಲಿ ಗಂಡ ಹೆಂಡತಿಯ ಹಕ್ಕುಗಳನ್ನು ಹೇಳುತ್ತಾರೆ, ತಲಾಕಿನ ಮಸ್‌ಅಲೆ ಹೇಳುತ್ತಾರೆ, ಗುಸ್ಲಿನ ಫರ್ಳ್‌ಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಒಬ್ಬ ಲೇಡಿ ಡಾಕ್ಟರನ್ನು ಕರೆಸಿ ಒಂದು ಗಂಟೆ ಇದನ್ನೂ ಹೇಳಿಸಬಹುದು. ಹುಡುಗರಿಗೆ ಬೇರೆ ಕೂರಿಸಿ ಒಬ್ಬ ಗಂಡು ಡಾಕ್ಟರಿಂದ ಹೇಳಿಸಲಿ, ಅವರಿಗೇ ಹೆಚ್ಚು ಬೇಕಾಗಿದೆ. ಅತ್ತೆಯಂದಿರನ್ನೂ ಕರೆಯಬೇಕು ಎಂದು ನಮ್ಮ ಅಭಿಪ್ರಾಯ, ಬರುತ್ತಾರೋ ಗೊತ್ತಿಲ್ಲ. ರಾಜೂರಿನಲ್ಲೂ ಇಂಥದ್ದೊಂದು ಮಾಡೋಣ ಎಂದು ನಮ್ಮ ಕಮಿಟಿಯವರ ಮುಂದೆ ಇಟ್ಟೆವು. ಮಸೀದಿಯಲ್ಲಿ ಇಂಥ ಮಾತು ಹೇಗೆ ಎಂದು ಇಬ್ಬರು ಗೊಣಗಿದರು. ಮೀಲಾದ್ ಮುಗಿಯಲಿ, ನೋಡೋಣ ಎಂದು ಅಧ್ಯಕ್ಷರು ಹೇಳಿದ್ದಾರೆ. ಮಸೀದಿ ಬೇಡವಾದರೆ ಅಂಗನವಾಡಿಯಲ್ಲಿ ಮಾಡಿಸುವ ಯೋಚನೆ ಇದೆ. ಹುಡುಗಿಯರನ್ನು ಮನೆಯಿಂದ ಕರೆದುಕೊಂಡು ಬರಲು ಒಬ್ಬ ಹೆಂಗಸು ಬೇಕು, ಯಾರಾದರೂ ಇದ್ದಾರಾ ಎಂದು ಮಗ್ಗದ ಆ ಸಹೋದರಿಯ ಹತ್ತಿರ ವಿಚಾರಿಸಿದೆವು. "ಬ್ಯಾರೆ ಯಾರೂ ಬ್ಯಾಡ್ರಿ ಹಜರತ್, ನಾನs ಕರಕೊಂಡು ಬರ್ತೀನಿ. ಡಾಕ್ಟ್ರು ಹೇಳಿದ್ದಾದ ಮ್ಯಾಲ ನಂದೂ ಒಂದೆರಡು ಮಾತು ಅದಾವು" ಎಂದರು.